ನಲವತ್ತೊಂದು ಗಂಟಿನ ಹಗ್ಗ

ಹಾಲಿನವನು ಅಂದೂ ಒಂದು ಲೀಟರ್ ಹಾಕಿ ಹೋಗಿದ್ದ. ಇನ್ನು ಅರ್ಧ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಬಂದವರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬಾಡಿಗೆ ಪಾತ್ರೆಗಳೂ ಜಮಖಾನವೂ ಹೋಗಿದ್ದವು. ಹುಣಸೂರಿನ ಆ ಮನೆಯಲ್ಲಿ ಉಳಿದವರು ಇಬ್ಬರು. ನಾನು ಮತ್ತು ನನ್ನ ಅತ್ತೆ ರಾಮಮ್ಮ.

ಫೆಬ್ರವರಿ ಹದಿನೇಳರ ಸಂಜೆ ನನ್ನ ಗಂಡ ವಸಂತ್ ಪಿರಿಯಾಪಟ್ಟಣದ ರಸ್ತೆಯ ಒಂದು ಮೋರಿಯ ಕೆಳಗೆ ಸತ್ತು ಬಿದ್ದಿದ್ದ. ಮೊಪೆಡ್ ಜಾರಿತು ಎಂದು ಪೊಲೀಸರು ಬರೆದುಕೊಂಡರು. ಒಣಗಿದ ರಸ್ತೆ, ನೆಟ್ಟಗಿನ ರಸ್ತೆ. ಮೊಪೆಡ್ಡಿನ ಪೆಟ್ಟಿಗೆಯಲ್ಲಿ ಸದಾ ಇರುತ್ತಿದ್ದ ಅವನ ನೋಟ್‌ಬುಕ್ ಸಿಕ್ಕಿರಲಿಲ್ಲ.

ಹಾಲು ಕಾಯಿಸಿದೆ. ಮೂರು ಲೋಟ ತೆಗೆದೆ. ಒಂದನ್ನು ಹಿಂದಕ್ಕಿಟ್ಟೆ.

ಸ್ನಾನದ ಒಲೆಗೆ ಉರಿ ಹಾಕಬೇಕಿತ್ತು. ಹನ್ನೊಂದು ದಿನ ಆ ಕೆಲಸ ಬೇರೆ ಯಾರೋ ಮಾಡಿದ್ದರು. ಮುಂದಿನ ಸೌದೆಯೆಲ್ಲ ಮುಗಿದು ಗೋಡೆಗೆ ಒತ್ತಿದ್ದ ಹಿಂದಿನ ಸಾಲು ಮಾತ್ರ ಉಳಿದಿತ್ತು. ಅದರ ಹಿಂದೆ ಕೈ ಹಾಕಿದಾಗ ಗೋಣಿಚೀಲ ತಾಗಿತು.

ಒಳಗೆ ಹಗ್ಗ. ಕತ್ತಾಳೆ ನಾರಿನದು, ಹೆಬ್ಬೆರಳಿನ ದಪ್ಪ. ಒಂದು ತುದಿಗೆ ಕಬ್ಬಿಣದ ಗುಂಡು. ಉದ್ದಕ್ಕೂ ಗಂಟುಗಳು, ಎರಡೂ ಕೈ ಚಾಚಿದಷ್ಟು ದೂರಕ್ಕೆ, ಒಂದೊಂದು ಮಾರಿಗೆ, ಒಂದೊಂದು.

ಕೆಲವು ಗಂಟುಗಳ ಮೇಲೆ ಬಣ್ಣದ ದಾರ ಬಿಗಿದು ಕಟ್ಟಿತ್ತು. ಹಸಿರು, ಹಳದಿ, ನೇರಳೆ, ಕೆಂಪು, ಬಿಳಿ. ಐದೂ ನನ್ನ ಹೊಲಿಗೆ ಡಬ್ಬಿಯವು. ದಾರದ ಉಂಡೆಗಳು ಅದಲುಬದಲಾಗಿವೆ ಎಂದು ನಾನು ಅವನೊಂದಿಗೆ ಜಗಳ ಆಡಿದ್ದು ಹದಿನೈದನೇ ತಾರೀಕು.

ನೀರು ಕಾಯುವವರೆಗೆ ಗಂಟು ಎಣಿಸಿದೆ. ಗುಂಡಿನಿಂದ ಆ ಕೊನೆಯವರೆಗೆ ನಲವತ್ತೊಂದು. ದಾರಗಳಿದ್ದದ್ದು ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತಾರನೆಯ ಗಂಟುಗಳಲ್ಲಿ.

ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತಿದ್ದರು.

"ಇದು ನಮ್ದಲ್ಲ ಕಣವ್ವ."

"ಹೇಗೆ ಗೊತ್ತು ಅತ್ತೆ?"

"ನಮ್ಮನೇಲಿ ಬಾವಿ ಎಲ್ಲದೆ? ಯಾರ್ ತಾವಾನೋ ಈಸ್ಕೊಂಡು ಬಂದವ್ನೆ. ಕೊಟ್ಬುಡು. ಸತ್ತೋನ ಮ್ಯಾಲೆ ಇನ್ನೊಬ್ರ ಹಗ್ಗ ಇರಬಾರ್ದು."

"ಇವತ್ತೇನಾ?"

"ಊಂ ಮತ್ತೆ. ನಾಳಿಕ್ಕೆ ಅಂದ್ರೆ, ನಾಳಿಕ್ಕೆ ಅದು ನಮ್ದೇ ಆಗೋಯ್ತದೆ."

ಯಾರದೆಂದು ಗೋಡೆಯ ಕ್ಯಾಲೆಂಡರ್ ಹೇಳಿತು. ಹಾಲಿನ ಲೆಕ್ಕದ ಕೆಳಗೆ, ಹದಿನೆಂಟನೇ ತಾರೀಕಿನ ಚೌಕದಲ್ಲಿ ವಸಂತನ ಸಣ್ಣ ಅಕ್ಷರ: 'ಹ್ಯಾಂಡ್‌ಪೋಸ್ಟ್ ಅಂಕಯ್ಯ. ಹಗ್ಗ ವಾಪಸ್.'

ಹದಿನೆಂಟು ಅವನಿಗೆ ಬರಲಿಲ್ಲ.

*

ಲಕ್ಷ್ಮಣತೀರ್ಥ ವಿಶ್ವವಿದ್ಯಾನಿಲಯದ ಲೆಕ್ಕ ನೋಡಲು ಸರ್ಕಾರ ಕಳಿಸಿದ್ದ ಲೆಕ್ಕಪರಿಶೋಧಕರಲ್ಲಿ ವಸಂತ್ ಒಬ್ಬ. ಎಂ.ಎ. ತರಗತಿಯಲ್ಲಿ ನನ್ನ ಹಿಂದಿನ ಬೆಂಚಿನವನು. ಅದಕ್ಕೇ ಬರೆಯುವಾಗ ಅವನು ನನಗೆ 'ಅವನು'. ಅತ್ತೆಯ ಮುಂದೆ, ಹೊರಗಿನವರ ಮುಂದೆ ಮಾತ್ರ 'ಅವರು'.

ಜನವರಿಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತು ಹೇಳಿದ್ದ.

"ಒಂದೇ ತಿಂಗಳಲ್ಲಿ ಎರಡು ಬಿಲ್ಲು, ಬೃಂದಾ. ಪಿರಿಯಾಪಟ್ಟಣದ ಸ್ನಾತಕೋತ್ತರ ಕೇಂದ್ರಕ್ಕೆ ಐದು ಬೋರು ಕೊರೆಸಿದ್ದಾರೆ, ತಲಾ ನಾನೂರ ಐವತ್ತು ಅಡಿ. ಅದೇ ತಿಂಗಳು ಅಲ್ಲಿನ ಹುಡುಗಿಯರ ಹಾಸ್ಟೆಲ್ಲಿಗೆ ನೀರಿನ ಟ್ಯಾಂಕರು."

"ನೀರು ಬಂದಿರಲಿಕ್ಕಿಲ್ಲ."

"ಇರಬಹುದು. ಆದರೆ ಐದರಲ್ಲಿ ಒಂದಕ್ಕೂ ಮೋಟಾರು ಇಳಿಸೋ ಪ್ರಯತ್ನವನ್ನೇ ಮಾಡಿಲ್ಲ. ಬಾಯಿಗೆ ಮುಚ್ಚಳ ಹಾಕಿ ಕೂರಿಸಿದ್ದಾರೆ. ನೀರಿದೆಯಾ ಅಂತ ನೋಡೋ ಆಸೆಯೂ ಇಲ್ಲದವರು ಬೋರು ಯಾಕೆ ಕೊರೆಸ್ತಾರೆ?"

ಅವನ ಕೆಲಸ ಅಷ್ಟೇ. ಎರಡು ಕಾಗದವನ್ನು ಅಕ್ಕಪಕ್ಕ ಇಟ್ಟು ಸುಮ್ಮನೆ ನೋಡುವುದು. ಕದ್ದವರು ಒಂದೊಂದು ಕಾಗದವನ್ನೂ ಚೆನ್ನಾಗಿಯೇ ಬರೆದಿರುತ್ತಾರೆ ಎನ್ನುತ್ತಿದ್ದ. ಎರಡು ಕಾಗದ ಒಂದಕ್ಕೊಂದು ಮಾತಾಡಬಹುದು ಎಂದು ಅವರಿಗೆ ಹೊಳೆದಿರುವುದಿಲ್ಲ.

*

ಹತ್ತು ಗಂಟೆಗೆ ಧರ್ಮೇಂದ್ರ ಸ್ಕೂಟರ್ ತಂದ. ಲೆಕ್ಕಪರಿಶೋಧನೆಯ ಕೋಣೆಯಲ್ಲಿ ವಸಂತನ ಪಕ್ಕದ ಮೇಜಿನವನು. ಚಟ್ಟಕ್ಕೆ ಹೆಗಲು ಕೊಟ್ಟವನು. ಹನ್ನೊಂದು ದಿನ ಪೊಲೀಸು, ಆಸ್ಪತ್ರೆ, ಪಿಂಚಣಿ ಎಂದು ಓಡಾಡಿದವನು.

"ಅತ್ತಿಗೆ, ಹಣಕಾಸು ಅಧಿಕಾರಿಗಳು ನಿಮ್ಮನ್ನ ನೋಡಬೇಕಂತೆ. ಒಂದು ಸಹಿ ಅಷ್ಟೇ ಅಂದ್ರು."

ಹಿಂದಿನ ಸೀಟನ್ನು ಕರವಸ್ತ್ರದಿಂದ ಒರೆಸಿದ. ಅವನು ಹಾಗೆಯೇ. ಯಾರೂ ಕೇಳದ ಸಣ್ಣ ಕೆಲಸಗಳನ್ನು ಮಾಡುವವನು.

ಹಗ್ಗದ ವಿಷಯ ಅವನಿಗೆ ಹೇಳಲಿಲ್ಲ. ಹೇಳಬಾರದೆಂದಲ್ಲ. ಆ ದಿನಗಳಲ್ಲಿ ನನಗೆ ಮಾತು ತಡವಾಗಿ ಬರುತ್ತಿತ್ತು.

ಹಣಕಾಸು ಅಧಿಕಾರಿ ಬಸವಪ್ರಸಾದ್ ಎದ್ದು ನಿಂತು ಕೈಮುಗಿದರು. ಹಣೆಯಲ್ಲಿ ವಿಭೂತಿ, ಅಚ್ಚುಕಟ್ಟಾದ ಮೇಜು. ಧರ್ಮೇಂದ್ರ ಬಾಗಿಲ ಬಳಿಯೇ ನಿಂತ.

"ಕೂತ್ಕೊಳ್ಳಿ ತಾಯಿ. ವಸಂತ್ ಅಂಥವರು ಇಲಾಖೆಗೆ ಅಪರೂಪ. ನಿಮಗೆ ಏನಾದರೂ ಮಾಡಬೇಕು ಅಂತ ನನ್ನ ಆಸೆ. ನಮ್ಮ ಗ್ರಂಥಾಲಯದಲ್ಲಿ ಒಂದು ತಾತ್ಕಾಲಿಕ ಹುದ್ದೆ ಇದೆ. ಸಿಂಡಿಕೇಟ್ ಮುಂದೆ ಇಡ್ತೀನಿ."

"ಸಹಿ ಯಾವುದಕ್ಕೆ ಸಾರ್?"

ಎರಡು ಹಾಳೆ ನನ್ನ ಕಡೆ ತಿರುಗಿದವು. ಒಂದರಲ್ಲಿ, ಗಂಡನ ಕಚೇರಿಗೆ ಸೇರಿದ ಯಾವ ದಾಖಲೆಯೂ ನನ್ನ ಬಳಿ ಇಲ್ಲ ಎಂಬ ಹೇಳಿಕೆ. ನನ್ನ ಹೆಸರಿನ ಕೆಳಗೆ ಗೆರೆ ಎಳೆದು ಜಾಗ ಬಿಟ್ಟಿದ್ದರು.

ಇನ್ನೊಂದು ಟೈಪ್ ಮಾಡಿದ ಪ್ರಮಾಣಪತ್ರದ ನಕಲು.

'ಪಿರಿಯಾಪಟ್ಟಣ ಕೇಂದ್ರದ ಐದು ಕೊಳವೆ ಬಾವಿಗಳನ್ನು ದಿನಾಂಕ ಹದಿನಾಲ್ಕರಂದು ನಾನೊಬ್ಬನೇ ಖುದ್ದಾಗಿ ಅಳೆದಿರುತ್ತೇನೆ. ಎರವಲು ತಂದ ಒಂದು ಹಗ್ಗವನ್ನು ಇಳಿಸಲಾಗಿ, ಪ್ರತಿ ಬಾವಿಯಲ್ಲೂ ಎಪ್ಪತ್ತೈದು ಮಾರು, ಅಂದರೆ ನಾನೂರ ಐವತ್ತು ಅಡಿ, ಒಳಗೆ ಹೋಗಿರುತ್ತದೆ. ಆದ್ದರಿಂದ ಆಕ್ಷೇಪಣೆಯನ್ನು ಕೈಬಿಡಬಹುದು.'

ಕೆಳಗೆ, ಬಹಳ ಕೆಳಗೆ, ವಸಂತನ ಸಹಿ. ಅದು ಅವನದೇ. ಮದುವೆಯ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಪಕ್ಕ ಇರುವುದೂ ಅದೇ ಸಹಿ.

ಹನ್ನೊಂದು ದಿನದಲ್ಲಿ ಮೊದಲ ಬಾರಿ ನನಗೆ ಹೆದರಿಕೆಯಾಯಿತು. ಸತ್ತವನು ಇನ್ನೊಮ್ಮೆ ಸಾಯಬಹುದು ಎಂದು ನಾನು ಯೋಚಿಸಿರಲಿಲ್ಲ.

"ಬರುವ ಗುರುವಾರ ಹಣಕಾಸು ಸಮಿತಿ ಸಭೆ ಇದೆ," ಎಂದರು ಬಸವಪ್ರಸಾದ್. "ಈ ಪತ್ರ ಅಲ್ಲಿ ಮಂಡನೆಯಾಗುತ್ತೆ. ಆಕ್ಷೇಪಣೆ ಎತ್ತಿದವರೇ ಕೈಬಿಟ್ಟ ಮೇಲೆ ವಿಷಯ ಮುಗೀತು."

"ಐದರಲ್ಲೂ ಎಪ್ಪತ್ತೈದೇನಾ ಸಾರ್?"

"ಒಬ್ಬನೇ ಗುತ್ತಿಗೆದಾರ, ಒಂದೇ ಯಂತ್ರ."

"ಅಷ್ಟು ಆಳ ಕೊರೆದಿದ್ದರೆ ಹಾಸ್ಟೆಲ್ಲಿನ ಹುಡುಗಿಯರು ಟ್ಯಾಂಕರಿನ ಮುಂದೆ ಬಕೆಟ್ ಹಿಡಿದು ಯಾಕೆ ನಿಲ್ಲಬೇಕು?"

ಅವರು ನಕ್ಕರು. "ನೀರು ಬರೋದು ಬಿಡೋದು ಮೇಲಿನವನದು ತಾಯಿ. ಆಳ ಮಾತ್ರ ನಮ್ಮದು."

ಉತ್ತರ ಇರುವ ಪ್ರಶ್ನೆಯನ್ನು ಮೊದಲು ಕೇಳು, ಉತ್ತರ ಇಲ್ಲದ್ದನ್ನು ಕೊನೆಗೆ ಕೇಳು ಎನ್ನುತ್ತಿದ್ದ ವಸಂತ್. ದಾರಗಳ ವಿಷಯ ನಾನು ಎತ್ತಲಿಲ್ಲ.

"ಈ ಪತ್ರದಲ್ಲಿರೋ ಹಗ್ಗ ನಮ್ಮ ಮನೆಯಲ್ಲಿದೆ ಸಾರ್."

ಅವರ ಬೆರಳುಗಳು ಹಾಳೆಯ ಅಂಚಿನಲ್ಲಿ ನಿಂತವು. ಬಾಗಿಲ ಬಳಿ ಧರ್ಮೇಂದ್ರನ ಚಪ್ಪಲಿ ಒಮ್ಮೆ ಸರಿದ ಸದ್ದಾಯಿತು.

"ಬೆಳಿಗ್ಗೆ ಎಣಿಸಿದೆ. ಅದು ಇರೋದೇ ನಲವತ್ತೊಂದು ಮಾರು. ಎಪ್ಪತ್ತೈದು ಮಾರು ಇಳಿಯೋದು ಹೇಗೆ?"

"ಇನ್ನೊಂದು ಹಗ್ಗ ಸೇರಿಸಿ ಕಟ್ಟಿರಬಹುದು."

"ಕಟ್ಟಿದ್ದರೆ ಬರೀತಿದ್ದರು. ಮನೆಗೆ ಅಕ್ಕಿ ತಂದರೆ ಖಾಲಿ ಚೀಲದ ತೂಕ ಬೇರೆ ಬರೀತಿದ್ದ ಮನುಷ್ಯ ಅವರು."

ಬಸವಪ್ರಸಾದ್ ಮೇಜಿನ ಮೇಲಿನ ಪೆನ್ನನ್ನು ನನ್ನ ಕಡೆ ಸರಿಸಿದರು. ದನಿ ಇನ್ನೂ ಮೃದುವಾಗಿತ್ತು.

"ಸಹಿ ಅವರದಲ್ಲ ಅಂತೀರಾ?"

"ಅವರದೇ."

"ಹಾಗಾದರೆ ಯೋಚಿಸಿ. ಸಹಿ ನಿಜ, ಅಳತೆ ಸುಳ್ಳು ಅಂತ ನೀವೇ ಸಭೆಯಲ್ಲಿ ಹೇಳಿದರೆ ಜನ ನನ್ನನ್ನ ಕೇಳೋದಿಲ್ಲ. ವಸಂತ್ ಎಷ್ಟು ತಗೊಂಡ ಅಂತ ಕೇಳ್ತಾರೆ. ಅವರ ಹೆಸರು ಉಳೀಲಿ ಅಂತಲೇ ನಾನು ಹೇಳ್ತಿರೋದು."

ಅದು ಬೆದರಿಕೆಯೋ ಕನಿಕರವೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ಆ ಎರಡರ ನಡುವಿನ ಗೆರೆ ಅಳಿಸಿಹೋಗಿತ್ತು. ಇಷ್ಟು ಸಮಿತಿ, ಇಷ್ಟು ಸಹಿ, ಇಷ್ಟು ಮೊಹರು ಇರುವ ಕಡೆ ತಪ್ಪು ಯಾರೊಬ್ಬರದೂ ಆಗಿರುವುದಿಲ್ಲ. ಕೊನೆಗೆ ಅದು ಎದ್ದು ಬಂದು ಉತ್ತರ ಕೊಡಲಾರದವನ ತಲೆಗೆ ಹೋಗಿ ಕೂರುತ್ತದೆ.

ನಾನು ಹೇಳಿಕೆಯ ಹಾಳೆಯನ್ನು ಸಹಿ ಮಾಡದೆ ಹಿಂದಕ್ಕೆ ತಳ್ಳಿದೆ.

"ಆ ಹಗ್ಗ ಈಗ ಕಡತಕ್ಕೆ ಸೇರಿದ್ದು," ಎಂದರು ಅವರು. "ಸಂಜೆ ಜೀಪು ಕಳಿಸ್ತೀನಿ. ಕೊಟ್ಟುಬಿಡಿ."

"ಅದು ಎರವಲು ತಂದದ್ದು ಸಾರ್."

"ಅದಕ್ಕೆ?"

"ಯಾರದೋ ಅವರಿಗೇ ಸೇರಬೇಕು."

*

ಮನೆಗೆ ಬಂದು ಗೋಣಿಚೀಲದ ಬಾಯಿ ಕಟ್ಟಿದೆ. ಹ್ಯಾಂಡ್‌ಪೋಸ್ಟಿನ ಅಂಕಯ್ಯನದು, ಇವತ್ತೇ ಕೊಡಬೇಕು ಎಂದೆ.

"ಅತ್ತಿಗೆ, ನಾನೇ ಕೊಟ್ಟು ಬರ್ತೀನಿ ಬಿಡಿ," ಎಂದ ಧರ್ಮೇಂದ್ರ. "ಹ್ಯಾಂಡ್‌ಪೋಸ್ಟ್ ಅಂದರೆ ಒಂದು ಗಂಟೆ ದಾರಿ. ಬಿಸಿಲು ಬೇರೆ."

"ಬೇಡ."

"ನೀವು ಇನ್ನೂ ಹೊರಗೆ ಓಡಾಡಬಾರದು ಅಂತಾರೆ ಜನ."

ಜಗುಲಿಯಿಂದ ಅತ್ತೆ ಅಂದರು: "ಯಾವ ಜನ್ವಪ್ಪ? ನೆನ್ನೆ ಪಾಯಸ ಉಂಡ್ಕಂಡು ಬಸ್ಸು ಅತ್ತುದ್ರಲ್ಲ, ಅವ್ರಾ? ಕರ್ಕೊಂಡ್ ಓಗು ಸುಮ್ಕೆ. ಸತ್ತೋನ ಎಂಡ್ರೇ ಕೊಡ್ಬೇಕು ಅದ್ನ."

ಅವನು ಚೀಲವನ್ನು ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಳ್ಳುತ್ತ, ಅದನ್ನು ತಿರುಗಿಸಿ ಕೂರಿಸಿದ. "ಗುಂಡು ಈ ಕಡೆ ಬಂದರೆ ಕಾಲಿಗೆ ಬಡಿಯುತ್ತೆ," ಎಂದ.

ಸ್ಕೂಟರ್ ಹ್ಯಾಂಡ್‌ಪೋಸ್ಟಿನ ರಸ್ತೆ ಹಿಡಿಯಿತು. ಆ ಸಹಿ ನನ್ನ ಕಣ್ಣ ಮುಂದೆಯೇ ಇತ್ತು. ಬರಹ ಮುಗಿದದ್ದು ಹಾಳೆಯ ಅರ್ಧಕ್ಕೆ, ಸಹಿ ಇದ್ದದ್ದು ತಳದಲ್ಲಿ. ನಡುವೆ ನಾಲ್ಕು ಬೆರಳಿನಷ್ಟು ಬಿಳಿ ಜಾಗ. ಮೊದಲು ಸಹಿ, ಆಮೇಲೆ ಬರಹ. ಹಾಗಲ್ಲದೆ ಅಷ್ಟು ಜಾಗ ಉಳಿಯುವುದಿಲ್ಲ.

ಆಗ ನೆನಪಾಯಿತು. ಬೆಳಿಗ್ಗೆ ಮೊಪೆಡ್ ಕೈಕೊಟ್ಟರೆ, ಜ್ವರ ಬಂದರೆ ಇರಲಿ ಎಂದು ವಸಂತ್ ಒಂದೆರಡು ಬಿಳಿ ಹಾಳೆಗೆ ಸಹಿ ಹಾಕಿ ಆಫೀಸಿನಲ್ಲಿ ಬಿಟ್ಟಿರುತ್ತಿದ್ದ. ಬೇಕಾದ ದಿನ ಜೊತೆಯವರು ಮೇಲೆ ರಜೆ ಅರ್ಜಿ ಬರೆದು ಒಪ್ಪಿಸುತ್ತಿದ್ದರು. ಆ ಕೋಣೆಯಲ್ಲಿ ಎಲ್ಲರೂ ಹಾಗೆಯೇ. ಊರ ಲೆಕ್ಕವೆಲ್ಲ ನೋಡುವವರು ಬಿಳಿ ಹಾಳೆಗೆ ಸಹಿ ಹಾಕುತ್ತೀರಲ್ಲ ಎಂದು ನಾನು ನಕ್ಕಿದ್ದೆ. 'ನಮ್ಮವರ ಹತ್ತಿರ ಇರುತ್ತೆ ಬಿಡೇ' ಎಂದಿದ್ದ.

"ಧರ್ಮೇಂದ್ರ, ಅವರ ರಜೆ ಹಾಳೆ ಯಾರ ಹತ್ತಿರ ಇರ್ತಿತ್ತು?"

ಸ್ಕೂಟರ್ ಒಂದು ಗುಂಡಿ ತಪ್ಪಿಸಿತು.

"ಡ್ರಾಯರಿನಲ್ಲಿ. ಬೀಗ ಇಲ್ಲ ಅತ್ತಿಗೆ. ಯಾರು ಬೇಕಾದ್ರೂ ತೆಗೀಬಹುದಿತ್ತು."

ಯಾರ ಡ್ರಾಯರ್ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ವಸಂತ್ ಆ ಮಾತು ಬರೆದಿರಲಿಲ್ಲ. ಆ ಹೊತ್ತಿಗೆ ನನಗೆ ಅಷ್ಟೇ ಸಾಕಾಗಿತ್ತು.

*

ಹ್ಯಾಂಡ್‌ಪೋಸ್ಟಿನ ವೃತ್ತದಲ್ಲಿ ಮೂರು ಬಸ್ಸು ನಿಂತಿದ್ದವು. ಧರ್ಮೇಂದ್ರ ಟೀ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದ.

"ನೀವು ಹೋಗಿ ಬನ್ನಿ. ಅದೇ ನೋಡಿ, ರಸ್ತೆ ಆಚೆಯ ತಗಡಿನ ಕೊಟ್ಟಿಗೆ. ನಾನು ಟೀ ಕುಡೀತಿರ್ತೀನಿ."

ಬೋರಿನೊಳಗೆ ಕಳಚಿ ಬಿದ್ದ ಮೋಟಾರುಗಳನ್ನು ಎತ್ತಿಕೊಡುವುದು ಅಂಕಯ್ಯನ ಕಸುಬು. ಕೊಟ್ಟಿಗೆಯ ತುಂಬ ರಾಟೆ, ಕೊಕ್ಕೆ, ಮೂರು ಕಾಲಿನ ಕಂಬ. ಅರವತ್ತರ ಆಸುಪಾಸಿನ ಒಣಕಲು ಮನುಷ್ಯ. ಚೀಲ ನೋಡಿದ, ನನ್ನ ಬರಿ ಹಣೆ ನೋಡಿದ, ಎದ್ದು ನಿಂತ.

"ಸಾರ್ ಎಂಡ್ರಾ? ಪೇಪರ್‌ನಾಗೆ ಬಂದಿತ್ತು ಅಂತ ಅಂದ್ರು ಕಣವ್ವ. ಇಂಗಾಗ್ಬಾರ್ದಿತ್ತು."

"ಹಗ್ಗ ತಡವಾಯಿತು. ತಪ್ಪು ತಿಳ್ಕೋಬೇಡಿ."

"ಅಯ್ಯೋ, ತಪ್ಪೇನ್ ಬುಡು. ಕುಂತ್ಕೋ."

ಕೊಟ್ಟ ಹಗ್ಗ ಹಿಂದೆ ಬಂದರೆ ಅಳೆದೇ ಗೂಟಕ್ಕೆ ಹಾಕುವುದು ಅವನ ಪದ್ಧತಿ. ಅರ್ಧ ಕತ್ತರಿಸಿಕೊಂಡು ತಂದುಕೊಡುವವರೂ ಇರುತ್ತಾರಂತೆ. ಗುಂಡನ್ನು ನೆಲಕ್ಕಿಟ್ಟು ಹಗ್ಗವನ್ನು ಎದೆಯ ಮೇಲೆ ತಂದು ಎರಡೂ ಕೈ ಚಾಚಿದ. ಒಂದು ಗಂಟು ಎಡ ಮುಷ್ಟಿಗೆ ಬಂತು, ಮುಂದಿನದು ಬಲ ಮುಷ್ಟಿಗೆ. ಒಂದು ಮಾರು. ಮತ್ತೆ ಚಾಚಿದ.

"ಆ ತುದಿ ನೀನ್ ಇಡ್ಕೊಳವ್ವ. ಇಲ್ದಿದ್ರೆ ಸಿಕ್ಕಾಯ್ತದೆ."

ಹಿಡಿದೆ. ದಾರಗಳ ಹತ್ತಿರ ಬಂದಾಗ ಅವನ ಕೈ ನಿಧಾನವಾಯಿತು. ಐದನ್ನೂ ಬೆರಳಿನಿಂದ ಮುಟ್ಟಿ ನೋಡಿದ.

"ಅಯ್ದು ಬೋರು. ಒಂದೂ ಇಪ್ಪತ್ತಾರು ಮಾರು ದಾಟಿಲ್ಲ. ಇದ್ನ ಬಾವಿ ಅಂತಾರಾ? ಇಲಿ ಬಿಲ."

"ದಾರ ಬಿಚ್ಚಬೇಡಿ. ಯಾರು ಕೇಳಿದರೂ ಹಗ್ಗ ಕೊಡಬೇಡಿ. ಗುರುವಾರ ಹುಣಸೂರಿಗೆ ಬಂದು ಇದು ಎಷ್ಟು ಮಾರು ಅಂತ ನಾಲ್ಕು ಜನರ ಮುಂದೆ ಹೇಳ್ತೀರಾ?"

"ನನ್ನ ಅಗ್ಗದ ಉದ್ದ ಯೋಳೋಕೆ ನಂಗೇನ್ ಎದ್ರಿಕೆ? ಬತ್ತೀನಿ." ಕೊನೆಯ ಗಂಟು ಅವನ ಕೈಗೆ ಬಂತು. "ನಲವತ್ತೊಂದು. ಸರ್ಯಾಗದೆ."

ಸರಿಯಾಗಿತ್ತು. ಎಪ್ಪತ್ತೈದು ಎಂದೂ ಇರಲಿಲ್ಲ.

"ಪಾಪ, ಒಬ್ಬರೇ ಎಷ್ಟು ಕಷ್ಟಪಟ್ಟರೋ," ಎಂದೆ. ಯಾರಿಗೆ ಹೇಳಿದೆನೋ.

ಅಂಕಯ್ಯ ತಲೆಯೆತ್ತಿದ.

"ಒಬ್ರೇನಾ? ಒಬ್ರ ಕೈಲಿ ಆಗಾಕಿಲ್ಲ ಕಣವ್ವ ಇದು. ಗುಂಡು ತಳ ಮುಟ್ತಾ ಅಂತ ಕೈನಾಗೆ ತಿಳ್ಕೊಳೋನು ಒಬ್ಬ, ಗಂಟು ಎಣಿಸೋನು ಒಬ್ಬ. ಅದ್ಕೇ ತಾನೆ ಇಬ್ರೂ ಬಂದು ಇಲ್ಲೇ ನನ್ ತಾವ ಕಲ್ತ್ಕಂಡು ಓಗಿದ್ದು."

"ಇಬ್ಬರೂ?"

"ಊಂ. ಸಾರ್ ಅಗ್ಗ ಇಳಿಸೋರು, ಆವಯ್ಯ ಗಂಟು ಎಣಿಸೋರು. ಎಣಿಕೇಲಿ ಒಂದ್ಸತಿನೂ ತಪ್ಪಲಿಲ್ಲ ಕಣವ್ವ ಆವಯ್ಯ."

"ಯಾರು ಅವರು?"

"ಎಸ್ರು ಕೇಳ್ಲಿಲ್ಲ." ಅಂಕಯ್ಯ ಹಗ್ಗ ಸುತ್ತುತ್ತ ರಸ್ತೆಯ ಕಡೆ ನೋಡಿದ. ಅವನ ಮುಖ ಅರಳಿತು. "ಅಗೋ! ಅಲ್ಲೇ ಅವ್ರಲ್ಲ, ಟೀ ಅಂಗ್ಡಿ ತಾವ. ಕರೀಲಾ?"

ನಾನು ತಿರುಗಿ ನೋಡಿದೆ.

ಧರ್ಮೇಂದ್ರ ನಮ್ಮನ್ನೇ ನೋಡುತ್ತಿದ್ದ. ಲೋಟ ಕೈಯಲ್ಲಿತ್ತು, ಕುಡಿಯುತ್ತಿರಲಿಲ್ಲ.

ಕಟ್ಟಿದ ಚೀಲದೊಳಗೆ ಗುಂಡಿದೆ ಎಂದು ಅವನಿಗೆ ನಾನು ಹೇಳಿರಲಿಲ್ಲ. ತಗಡಿನ ಕೊಟ್ಟಿಗೆ ಅಂಕಯ್ಯನದೆಂದೂ ಹೇಳಿರಲಿಲ್ಲ. 'ನಾನೊಬ್ಬನೇ' ಎಂಬ ಮಾತು ಆ ಪತ್ರದಲ್ಲಿ ಯಾರಿಗೆ ಬೇಕಾಗಿತ್ತು ಎಂಬುದು ಈಗ ತಿಳಿಯಿತು.

ಆದರೆ ಒಂದು ಮಾತು ಕೂಡಿಬರಲಿಲ್ಲ. ಗಂಟು ಎಣಿಸಿದವನು ಧರ್ಮೇಂದ್ರ. ಎಣಿಕೆಯಲ್ಲಿ ತಪ್ಪದವನು. ಹಗ್ಗ ನಲವತ್ತೊಂದೇ ಮಾರು ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದೂ ಪತ್ರದಲ್ಲಿ ಎಪ್ಪತ್ತೈದು. ಒಂದೋ ಅವನು ಬಿಳಿ ಹಾಳೆ ಮಾತ್ರ ಕೊಟ್ಟ, ಬರೆಸಿದವರು ಬೇರೆ. ಇಲ್ಲವೋ, ಒಂದಲ್ಲ ಒಂದು ದಿನ ಯಾರಾದರೂ ಹಗ್ಗ ಎಣಿಸಿ ಸುಳ್ಳು ಹಿಡಿಯಲಿ ಎಂದು, ಬೇಕೆಂದೇ ಆ ಅಂಕಿ ಬರೆದ.

ಚಟ್ಟಕ್ಕೆ ಹೆಗಲು ಕೊಟ್ಟವನು. ಆ ರಸ್ತೆಯಲ್ಲಿ ಹದಿನೇಳರ ಸಂಜೆ ವಸಂತನ ಜೊತೆ ಇದ್ದವರು ಯಾರು ಎಂದು ನಾನು ಈವರೆಗೆ ಯಾರನ್ನೂ ಕೇಳಿರಲಿಲ್ಲ.

ಅವನು ಲೋಟ ಕೆಳಗಿಟ್ಟ. ಕರವಸ್ತ್ರ ತೆಗೆದು, ಬೆಳಿಗ್ಗೆ ಮಾಡಿದ ಹಾಗೆಯೇ, ಸ್ಕೂಟರಿನ ಹಿಂದಿನ ಸೀಟು ಒರೆಸತೊಡಗಿದ.

"ಅವ್ವಾ," ಎಂದ ಅಂಕಯ್ಯ. ಕೈ ಚಾಚಿಕೊಂಡೇ ನಿಂತಿದ್ದ. "ಆ ತುದಿ ಕೊಡು."

ಹಗ್ಗದ ತುದಿ ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಬೆರಳು ಬಿಡಿಸಿ ಕೊಟ್ಟೆ.